ಅಂಡಮಾನ್‌ನಲ್ಲಿ ದ್ವೀಪದಿಂದ ದ್ವೀಪಕ್ಕೆ: ಖಾಸಗಿ ಫೆರಿಯೋ, ಸರ್ಕಾರಿ ಹಡಗೋ, ರಸ್ತೆಯೋ?

ಅಡಿಕೆ ಸುಗ್ಗಿ ಮುಗಿದು, ಒಣಗಿದ ರಾಶಿ ಮಂಡಿಗೆ ಹೋದ ಮೇಲೆ, ಫೆಬ್ರವರಿ ಹೊತ್ತಿಗೆ ಸಾಗರ, ತೀರ್ಥಹಳ್ಳಿ, ಹೊಸನಗರ ಕಡೆಯ ಮನೆಗಳಲ್ಲಿ ‘ಈ ಸಲ ಎಲ್ಲಿಗೆ?’ ಎಂಬ ಮಾತು ಏಳುತ್ತದೆ. ಅಂಡಮಾನ್ ಎಂದು ತೀರ್ಮಾನವಾದರೆ ಪೋರ್ಟ್ ಬ್ಲೇರ್ ತಲುಪುವುದರಲ್ಲಿ ದೊಡ್ಡ ಗೊಂದಲವಿಲ್ಲ. ಶಿವಮೊಗ್ಗದಿಂದ ಬೆಂಗಳೂರು, ಅಲ್ಲಿಂದ ಎರಡೂವರೆ ಗಂಟೆ ಚಿಲ್ಲರೆಯ ವಿಮಾನ. ತಲೆ ಕೆಡುವುದು ಅಲ್ಲಿ ಇಳಿದ ಮೇಲೆ. ಹ್ಯಾವ್ಲಾಕ್‌ಗೆ ಯಾವ ಫೆರಿ? ಸರ್ಕಾರಿ ಹಡಗು ಅಗ್ಗವಂತೆ, ಸಿಗುತ್ತದೆಯೇ? ಡಿಗ್ಲಿಪುರಕ್ಕೆ ಬಸ್ಸಿದೆಯಂತೆ, ಹೋಗಬಹುದೇ? ಹೆಲಿಕಾಪ್ಟರ್ ಇದೆಯಂತೆ, ಹೌದೇ? ಪ್ಯಾಕೇಜಿನವರನ್ನು ಕೇಳಿದರೆ ತಾವು ಒಪ್ಪಂದ ಮಾಡಿಕೊಂಡ ಫೆರಿಯ ಹೆಸರನ್ನಷ್ಟೇ ಹೇಳುತ್ತಾರೆ. ಪ್ಯಾಕೇಜಿಲ್ಲದೆ ಹೋಗುವವರೂ, ಪ್ಯಾಕೇಜಿನಲ್ಲಿ ಏನು ಕೊಟ್ಟಿದ್ದಾರೆಂದು ಅಳೆದು ನೋಡಬೇಕೆನ್ನುವವರೂ ಇದನ್ನು ಓದಬಹುದು.

ಹೆಸರುಗಳ ತೊಡಕನ್ನು ಮೊದಲೇ ಬಿಡಿಸಿಕೊಳ್ಳಿ. 2018ರ ಡಿಸೆಂಬರ್‌ನಲ್ಲಿ ಹ್ಯಾವ್ಲಾಕ್‌ಗೆ ಸ್ವರಾಜ್ ದ್ವೀಪ, ನೀಲ್‌ಗೆ ಶಹೀದ್ ದ್ವೀಪ, ರಾಸ್‌ಗೆ ನೇತಾಜಿ ಸುಭಾಷ್ ಚಂದ್ರ ಬೋಸ್ ದ್ವೀಪ ಎಂದು ಹೆಸರಿಟ್ಟರು. 2024ರ ಸೆಪ್ಟೆಂಬರ್‌ನಲ್ಲಿ ಪೋರ್ಟ್ ಬ್ಲೇರ್ ಶ್ರೀ ವಿಜಯಪುರಂ ಆಯಿತು. ಆಡುಮಾತಿನಲ್ಲಿ ಹಳೆಯ ಹೆಸರು ಇನ್ನೂ ನಡೆಯುತ್ತದೆ, ಟಿಕೆಟ್‌ನಲ್ಲಿ ಹೊಸದು ಕಾಣಬಹುದು. ಬುಕಿಂಗ್ ತಾಣದಲ್ಲಿ ಒಂದು ಹೆಸರು ಹಾಕಿ ಏನೂ ಬರದಿದ್ದರೆ ಇನ್ನೊಂದನ್ನು ಹಾಕಿ ನೋಡಿ. ಇಲ್ಲಿ ಓದುವ ಅನುಕೂಲಕ್ಕೆ ಹಳೆಯ ಹೆಸರುಗಳನ್ನೇ ಬಳಸಿದೆ.

ದರ ನೋಡುವ ಮೊದಲು

ಟಿಕೆಟ್ ದರದಿಂದ ಹೋಲಿಕೆ ಶುರುಮಾಡುವುದು ಸಹಜ. ಆದರೆ ದ್ವೀಪಗಳ ನಡುವಿನ ಪ್ರಯಾಣದಲ್ಲಿ ದರ ಕೊನೆಗೆ ನೋಡಬೇಕಾದದ್ದು. ಅದಕ್ಕಿಂತ ಮೊದಲು ತಿಂಗಳು, ಜನ, ದಿನ, ಮತ್ತು ಒಂದು ಫೆರಿ ರದ್ದಾದರೆ ಕೈಬಿಟ್ಟು ಹೋಗುವುದೇನು ಎಂಬುದನ್ನು ನೋಡಬೇಕು.

ತಿಂಗಳು ಏಕೆ ಮುಖ್ಯವೆಂದರೆ, ಮುಂಗಾರು ಕೇರಳಕ್ಕಿಂತ ಮೊದಲೇ, ಮೇ ಮೂರನೇ ವಾರದ ಹೊತ್ತಿಗೆ, ಅಂಡಮಾನ್ ಸಮುದ್ರ ಮುಟ್ಟುತ್ತದೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಕಡಲು ಸಾಮಾನ್ಯವಾಗಿ ಶಾಂತ. ಸುಗ್ಗಿ ಮುಗಿಸಿ ಹೊರಡುವ ತೋಟದವರಿಗೆ ಇದು ಹೇಳಿ ಮಾಡಿಸಿದ ಕಾಲ. ಮಕ್ಕಳ ಬೇಸಿಗೆ ರಜೆಗೇ ಹೋಗಬೇಕೆಂದರೆ ಏಪ್ರಿಲ್ ಮಧ್ಯದಲ್ಲಿ ಹೊರಡಿ; ‘ಮದುವೆಗಳೆಲ್ಲ ಮುಗಿಯಲಿ’ ಎಂದು ಮೇ ಕೊನೆಗೆ ತಳ್ಳಬೇಡಿ. ದಸರಾ ರಜೆಯಲ್ಲೂ ಅಪಾಯವಿದೆ, ಏಕೆಂದರೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತಗಳ ಕಾಲ. 2016ರ ಡಿಸೆಂಬರ್‌ನಲ್ಲಿ ಹ್ಯಾವ್ಲಾಕ್ ಮತ್ತು ನೀಲ್‌ನಲ್ಲಿ ಸಾವಿರಕ್ಕೂ ಹೆಚ್ಚು ಪ್ರವಾಸಿಗರು ಸಿಕ್ಕಿಬಿದ್ದು, ನೌಕಾಪಡೆ ಮತ್ತು ಕರಾವಳಿ ಕಾವಲು ಪಡೆಯ ಹಡಗುಗಳು ಅವರನ್ನು ಕರೆತರಬೇಕಾಯಿತು. ಆಗ ಯಾವ ದರ್ಜೆಯ ಟಿಕೆಟ್ ಕೈಯಲ್ಲಿದ್ದರೂ ಪ್ರಯೋಜನವಿರಲಿಲ್ಲ.

ಜನ ಎಂದರೆ ಹೊಟ್ಟೆ ಮತ್ತು ಮಂಡಿ. ಸಮುದ್ರ ಕಾಣದವರಿಗೆ ವಾಕರಿಕೆ ಬರುತ್ತದೋ ಇಲ್ಲವೋ ತಿಳಿಯುವುದು ಹೇಗೆ? ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳಲ್ಲಿ ಬಸ್ಸಿನ ಕಿಟಕಿಗೆ ತಲೆ ಕೊಡುವವರು, ಹುಲಿಕಲ್ ಇಳಿಯುವಾಗ ನಿಂಬೆಹಣ್ಣು ಮೂಸುವವರು ಮನೆಯಲ್ಲಿದ್ದರೆ ಅವರು ಫೆರಿಯಲ್ಲೂ ಸುಸ್ತಾಗುತ್ತಾರೆ ಎಂದೇ ಇಟ್ಟುಕೊಳ್ಳಿ. ಮಂಡಿಯದು ಬೇರೆ ವಿಚಾರ. ಉಬ್ಬರ ಇಳಿತದಲ್ಲಿ ನೀರು ಏರಿಳಿಯುವುದರಿಂದ ಜೆಟ್ಟಿಗೂ ಹಡಗಿನ ಬಾಗಿಲಿಗೂ ನಡುವಿನ ಹಲಗೆ ಕೆಲವೊಮ್ಮೆ ಕಡಿದಾಗಿರುತ್ತದೆ. ದೊಡ್ಡ ಫೆರಿಗಳಲ್ಲಿ ಸಿಬ್ಬಂದಿ ಕೈಹಿಡಿದು ದಾಟಿಸುತ್ತಾರೆ. ಸಣ್ಣ ಬೋಟುಗಳಲ್ಲಿ ಅಜ್ಜಿಯಂದಿರಿಗೆ ಅದು ನಿಜವಾಗಿಯೂ ಕಷ್ಟ.

ದಿನಗಳ ಲೆಕ್ಕದಲ್ಲಿ ಹೆಚ್ಚಿನವರು ತಪ್ಪುತ್ತಾರೆ. ‘ತೊಂಬತ್ತು ನಿಮಿಷದ ಪ್ರಯಾಣ’ ಎಂದರೆ ತೊಂಬತ್ತು ನಿಮಿಷದಲ್ಲಿ ಮುಗಿಯುವುದಿಲ್ಲ. ಹೋಟೆಲ್ ಖಾಲಿ ಮಾಡಿ ಒಂದು ಗಂಟೆ ಮುಂಚೆ ಜೆಟ್ಟಿಯಲ್ಲಿರಬೇಕು, ಲಗೇಜು ಸ್ಕ್ಯಾನ್ ಆಗಬೇಕು, ಇಳಿದ ಮೇಲೆ ಬ್ಯಾಗಿಗೆ ಕಾಯಬೇಕು, ಆಟೋ ಹಿಡಿಯಬೇಕು. ಒಂದು ದ್ವೀಪದಿಂದ ಇನ್ನೊಂದಕ್ಕೆ ಹೋಗುವುದಕ್ಕೆ ಅರ್ಧ ದಿನ ಎಂದು ಬರೆದಿಟ್ಟುಕೊಳ್ಳಿ. ಮೇಲಾಗಿ ಅಲ್ಲಿ ಕತ್ತಲು ಬೇಗ. ಅಂಡಮಾನ್ ದೇಶದ ಪೂರ್ವ ಅಂಚಿನಲ್ಲಿದ್ದೂ ಗಡಿಯಾರ ನಮ್ಮದೇ ಆದ್ದರಿಂದ ಚಳಿಗಾಲದಲ್ಲಿ ಸಂಜೆ ಐದರ ಸುಮಾರಿಗೆ ಸೂರ್ಯ ಮುಳುಗಿರುತ್ತಾನೆ. ಮಧ್ಯಾಹ್ನದ ಫೆರಿ ಹಿಡಿದು ಹ್ಯಾವ್ಲಾಕ್ ತಲುಪಿ ಅದೇ ಸಂಜೆ ರಾಧಾನಗರ ಬೀಚಿನಲ್ಲಿ ಸೂರ್ಯಾಸ್ತ ನೋಡುವ ಯೋಜನೆ ಹಲವರದು ಇಲ್ಲೇ ಕೆಡುತ್ತದೆ. ಜೆಟ್ಟಿಯಿಂದ ಬೀಚಿಗೆ ಇನ್ನೂ ಹನ್ನೆರಡು ಕಿಲೋಮೀಟರ್ ಇರುತ್ತದೆ.

ಖಾಸಗಿ ಫೆರಿ

ಊರ ಕಡೆ ಎಲ್ಲರೂ ‘ಕ್ರೂಸ್’ ಎನ್ನುವುದು ಇದನ್ನೇ. ಮ್ಯಾಕ್ರಜ್, ನಾಟಿಕಾ, ಗ್ರೀನ್ ಓಷನ್, ಐಟಿಟಿ ಮೆಜೆಸ್ಟಿಕ್ ಮುಖ್ಯ ಹೆಸರುಗಳು. ಪೋರ್ಟ್ ಬ್ಲೇರ್, ಹ್ಯಾವ್ಲಾಕ್, ನೀಲ್ ಈ ಮೂರನ್ನು ತ್ರಿಕೋನದಂತೆ ಸುತ್ತುವುದು ಇವುಗಳ ಕೆಲಸ. ಪೋರ್ಟ್ ಬ್ಲೇರ್‌ನಿಂದ ಹ್ಯಾವ್ಲಾಕ್‌ನ ದಾರಿಯನ್ನು ವೇಗದ ಕ್ಯಾಟಮರಾನ್‌ಗಳು ಒಂದೂವರೆ ಗಂಟೆಯಲ್ಲಿ ಮುಗಿಸುತ್ತವೆ. ಹ್ಯಾವ್ಲಾಕ್‌ನಿಂದ ನೀಲ್‌ಗೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ.

ಇದರ ಅನುಕೂಲ ಮುಂಗಡ ಬುಕಿಂಗ್. ವಾರಗಳ ಮೊದಲೇ ಮನೆಯಲ್ಲಿ ಕುಳಿತು ಸೀಟು ಆರಿಸಬಹುದು. ಆರು ಜನ ಒಟ್ಟಿಗೆ ಕೂರಬೇಕೆನ್ನುವ ಕುಟುಂಬಕ್ಕೆ ಇದೊಂದೇ ದೊಡ್ಡ ನೆಮ್ಮದಿ. ಎಸಿ, ಶೌಚಾಲಯ, ತಿಂಡಿ ಕೌಂಟರ್ ಇರುತ್ತವೆ.

ದರ ಸಾಮಾನ್ಯ ದರ್ಜೆಗೇ ಸಾವಿರ ರೂಪಾಯಿ ದಾಟುತ್ತದೆ, ಮೇಲಿನ ದರ್ಜೆಗಳಿಗೆ ಇನ್ನೂ ಹೆಚ್ಚು. ಮೇಲಿನ ದರ್ಜೆ ತೆಗೆದುಕೊಳ್ಳುವ ಮೊದಲು ಒಂದು ಮಾತು ಗಮನಿಸಿ. ಹಲವು ಫೆರಿಗಳಲ್ಲಿ ದುಬಾರಿ ಸೀಟುಗಳು ಮೇಲಂತಸ್ತಿನಲ್ಲಿರುತ್ತವೆ. ಹಡಗು ಓಲಾಡುವಾಗ ಮೇಲೆ ಹೋದಷ್ಟೂ ತೂಗಾಟ ಹೆಚ್ಚು. ವಾಕರಿಕೆಯವರಿಗೆ ಕೆಳ ಅಂತಸ್ತಿನ ನಡುಭಾಗದಲ್ಲಿ, ಕೊಂಚ ಹಿಂದಕ್ಕೆ ಇರುವ ಅಗ್ಗದ ಸೀಟೇ ಒಳ್ಳೆಯದು. ಹೆಚ್ಚು ದುಡ್ಡು ಕೊಟ್ಟು ಹೆಚ್ಚು ವಾಂತಿ ಮಾಡಿಕೊಳ್ಳುವುದರಲ್ಲಿ ಅರ್ಥವಿಲ್ಲ.

ಕ್ಯಾಟಮರಾನ್ ಎಂದರೆ ಎರಡು ಒಡಲಿನ ದೋಣಿ. ಅಗಲ ಹೆಚ್ಚಿರುವುದರಿಂದ ಎಡಬಲಕ್ಕೆ ವಾಲುವುದು ಕಡಿಮೆ. ಆದರೆ ಹಗುರ, ವೇಗವೂ ಹೆಚ್ಚು, ಆದ್ದರಿಂದ ಎದುರು ಅಲೆ ಬಂದಾಗ ಮೂತಿ ಎತ್ತಿ ಧಪ್ಪೆಂದು ಬೀಳುತ್ತದೆ. ಶಾಂತ ಸಮುದ್ರದಲ್ಲಿ ಇದು ಗೊತ್ತೇ ಆಗುವುದಿಲ್ಲ. ಗಾಳಿ ಎದ್ದ ದಿನ ಮುಚ್ಚಿದ ಎಸಿ ಕೋಣೆಯಲ್ಲಿ, ಕಿಟಕಿಗೆ ನೀರು ಸಿಡಿದು ಹೊರಗೆ ಏನೂ ಕಾಣದೆ ಕುಳಿತವರಿಗೆ ಹತ್ತು ನಿಮಿಷದಲ್ಲಿ ತಲೆ ತಿರುಗುತ್ತದೆ. ಕಿವಿಯೊಳಗಿನ ಸಮತೋಲನದ ಅಂಗ ‘ಅಲುಗುತ್ತಿದ್ದೇವೆ’ ಎನ್ನುತ್ತದೆ, ಕಣ್ಣು ‘ಇಲ್ಲ’ ಎನ್ನುತ್ತದೆ, ಆ ಜಗಳದಿಂದ ವಾಕರಿಕೆ. ದೂರದ ದಿಗಂತ ಕಂಡರೆ ಇದು ಇಳಿಯುತ್ತದೆ. ಅದಕ್ಕೇ ತೆರೆದ ಡೆಕ್‌ಗೆ ಹೋಗಲು ಬಿಡುವ ಗ್ರೀನ್ ಓಷನ್‌ನಂಥ ಕೊಂಚ ನಿಧಾನದ ಹಡಗುಗಳನ್ನು ಘಾಟಿ ಹೊಟ್ಟೆಯವರು ಪರಿಗಣಿಸಬೇಕು. ಅರ್ಧ ಗಂಟೆ ಹೆಚ್ಚಾದರೂ ಗಾಳಿ ಸಿಗುತ್ತದೆ.

ಮಾತ್ರೆ ತೆಗೆದುಕೊಳ್ಳುವವರು ಹಡಗು ಹೊರಟ ಮೇಲೆ ನುಂಗಿದರೆ ಉಪಯೋಗ ಕಡಿಮೆ. ಅವೊಮಿನ್‌ನಂಥ ಮಾತ್ರೆ ಕೆಲಸ ಮಾಡಲು ಕನಿಷ್ಠ ಒಂದು ಗಂಟೆ ಬೇಕು, ನಿದ್ದೆಯನ್ನೂ ತರುತ್ತದೆ. ಗ್ಲಾಕೋಮಾ, ಪ್ರಾಸ್ಟೇಟ್ ತೊಂದರೆ ಇರುವ ಹಿರಿಯರು ಮತ್ತು ಸಣ್ಣ ಮಕ್ಕಳ ವಿಚಾರದಲ್ಲಿ ಊರಿನಿಂದ ಹೊರಡುವ ಮೊದಲೇ ವೈದ್ಯರನ್ನು ಕೇಳಿ. ಬೆಳಗ್ಗೆ ಖಾಲಿ ಹೊಟ್ಟೆಯೂ ಬೇಡ, ಎಣ್ಣೆ ಪೂರಿಯೂ ಬೇಡ. ಬಾಳೆಹಣ್ಣು, ಒಣ ಅವಲಕ್ಕಿ, ಒಂದು ಚೂರು ಶುಂಠಿ ಸಾಕು.

ಇನ್ನೊಂದು ಎಡವಟ್ಟು ಜೆಟ್ಟಿಯದು. ಪೋರ್ಟ್ ಬ್ಲೇರ್‌ನಲ್ಲಿ ಹ್ಯಾಡೋ ಒಂದು ಜೆಟ್ಟಿ, ಫೀನಿಕ್ಸ್ ಬೇ ಇನ್ನೊಂದು. ಆಟೋ ಹತ್ತುವ ಮೊದಲು ಟಿಕೆಟ್‌ನಲ್ಲಿ ಯಾವುದಿದೆ ನೋಡಿ. ಮೂಲ ಗುರುತಿನ ಚೀಟಿ ಎಲ್ಲರದೂ ಬೇಕು, ಮಕ್ಕಳದೂ. ಲಗೇಜಿಗೆ ತೂಕದ ಮಿತಿ ಇರುತ್ತದೆ, ಅದೂ ಟಿಕೆಟ್ ಮೇಲೇ ಬರೆದಿರುತ್ತದೆ. ದೊಡ್ಡ ಬ್ಯಾಗುಗಳನ್ನು ಹಡಗಿನ ಒಂದು ಮೂಲೆಯಲ್ಲಿ ಒಟ್ಟಿಬಿಡುವುದರಿಂದ ಮಾತ್ರೆ, ಹಣ, ಬಿಪಿ ಗುಳಿಗೆಗಳನ್ನು ಕೈಚೀಲದಲ್ಲಿಟ್ಟುಕೊಳ್ಳಿ.

ಸರ್ಕಾರಿ ಹಡಗು

ಅಂಡಮಾನ್ ಆಡಳಿತದ ಹಡಗು ಸೇವೆಗಳ ನಿರ್ದೇಶನಾಲಯ ಇವನ್ನು ಓಡಿಸುತ್ತದೆ. ಮೂಲತಃ ಇವು ದ್ವೀಪದ ಜನರಿಗೆ, ಅವರ ಆಸ್ಪತ್ರೆ, ಶಾಲೆ, ಸಂತೆಗೆ. ಪ್ರವಾಸಿಗರಿಗೂ ಅವಕಾಶವಿದೆ, ಆದರೆ ದ್ವೀಪವಾಸಿಗಳಿಗೆ ಒಂದು ದರ, ಹೊರಗಿನವರಿಗೆ ಇನ್ನೊಂದು. ಹಾಗಿದ್ದೂ ಖಾಸಗಿಗಿಂತ ಸಾಕಷ್ಟು ಕಡಿಮೆ. ಹ್ಯಾವ್ಲಾಕ್‌ಗೆ ಸುಮಾರು ಎರಡೂವರೆ ಗಂಟೆ, ನೀಲ್‌ಗೆ ಎರಡು ಗಂಟೆ. ಹೊರಡುವುದು ಫೀನಿಕ್ಸ್ ಬೇಯಿಂದ.

ದರದ ಲೆಕ್ಕ ಸ್ವಲ್ಪ ಮಾಡಿ ನೋಡಿ. ಆರು ಜನ, ಮೂರು ಪ್ರಯಾಣ, ಒಟ್ಟು 18 ಟಿಕೆಟ್. ಒಂದಕ್ಕೆ 800 ರೂಪಾಯಿ ವ್ಯತ್ಯಾಸ ಬಂದರೂ 14,400 ರೂಪಾಯಿ ಉಳಿಯುತ್ತದೆ. ಇಬ್ಬರೇ ಹೋಗುವವರಿಗೆ ಆ ಉಳಿತಾಯ 4,800 ಮಾತ್ರ. ಜನ ಹೆಚ್ಚಿದ್ದಷ್ಟೂ ಸರ್ಕಾರಿ ಹಡಗು ಆಕರ್ಷಕವಾಗಿ ಕಾಣುತ್ತದೆ. ಆದರೆ ಜನ ಹೆಚ್ಚಿದ್ದಷ್ಟೂ ಅದರಲ್ಲಿ ಎಲ್ಲರಿಗೂ ಒಟ್ಟಿಗೆ ಜಾಗ ಸಿಗುವುದೂ ಕಷ್ಟ. ಟಿಕೆಟ್ ಮಾರಾಟ ಹೊರಡುವುದಕ್ಕೆ ಕೆಲವೇ ದಿನ ಮುಂಚೆ ತೆರೆಯುತ್ತದೆ. ಆನ್‌ಲೈನ್ ಬುಕಿಂಗ್ ಇದೆ, ಕೌಂಟರ್ ಕೂಡ ಇದೆ. ರಜೆಯ ದಿನಗಳಲ್ಲಿ ಬೇಗ ಮುಗಿಯುತ್ತದೆ. ಶಿವಮೊಗ್ಗದಿಂದ ಹೊರಡುವಾಗ ಹ್ಯಾವ್ಲಾಕ್ ಹೋಟೆಲಿಗೆ ಹಣ ಕಟ್ಟಿ, ಹಡಗಿನ ಟಿಕೆಟ್ ಮಾತ್ರ ಅಲ್ಲಿ ಹೋಗಿ ನೋಡೋಣ ಎನ್ನುವುದು ಕುಟುಂಬಕ್ಕೆ ಆಗದ ಮಾತು.

ಹಾಗಾದರೆ ಇದು ಯಾರಿಗೆ? ಕೈಯಲ್ಲಿ ಹತ್ತು ದಿನವಿದ್ದು, ಬೆನ್ನಿಗೊಂದು ಬ್ಯಾಗಿರುವ ಒಬ್ಬರು ಇಬ್ಬರು ಗೆಳೆಯರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಡೆಕ್ ಮೇಲೆ ನಿಂತು ದ್ವೀಪಗಳು ಒಂದೊಂದಾಗಿ ಹಿಂದೆ ಸರಿಯುವುದನ್ನು ನೋಡಬಹುದು. ಪಕ್ಕದಲ್ಲಿ ತರಕಾರಿ ಬುಟ್ಟಿಯ ಜೊತೆ ಕುಳಿತ ನೀಲ್ ದ್ವೀಪದ ರೈತರು ಸಿಗುತ್ತಾರೆ. ದೊಡ್ಡ, ಭಾರದ ಹಡಗುಗಳು ನಿಧಾನಕ್ಕೆ ತೂಗುತ್ತವೆ, ಕ್ಯಾಟಮರಾನ್‌ನ ಕುಕ್ಕಾಟವಿಲ್ಲ. ಕೆಲವರಿಗೆ ಈ ತೂಗಾಟವೇ ಹೆಚ್ಚು ಕಾಟ ಕೊಡುತ್ತದೆ ಎಂಬುದೂ ನಿಜ.

ಖಾಸಗಿ ಫೆರಿ ಹೋಗದ ಕಡೆಗೆ ಸರ್ಕಾರಿ ಹಡಗೇ ಗತಿ. ಲಿಟಲ್ ಅಂಡಮಾನ್‌ನ ಹಟ್ ಬೇಗೆ ಆರರಿಂದ ಎಂಟು ಗಂಟೆ ಬೇಕು. ರಂಗತ್ ಬಳಿಯ ಲಾಂಗ್ ಐಲೆಂಡ್‌ಗೆ ಯೆರಟ್ಟಾ ಜೆಟ್ಟಿಯಿಂದ ದೋಣಿ. ನಿಕೋಬಾರ್ ಬೇರೆಯೇ ವಿಚಾರ. ಹತ್ತು ಡಿಗ್ರಿ ಕಾಲುವೆಯ ಆಚೆ ಬುಡಕಟ್ಟು ಸಂರಕ್ಷಿತ ಪ್ರದೇಶಗಳಿಗೆ ಪ್ರವಾಸಿಗರಾಗಿ ಹೋಗುವಂತಿಲ್ಲ, ಪಾಸ್ ಬೇಕು. ಹಡಗಿನ ವೇಳಾಪಟ್ಟಿಯಲ್ಲಿ ಕಾರ್ ನಿಕೋಬಾರ್ ಎಂದು ಕಂಡ ಮಾತ್ರಕ್ಕೆ ಯೋಜನೆ ಹಾಕಬೇಡಿ.

ರಸ್ತೆ

ದ್ವೀಪದಿಂದ ದ್ವೀಪಕ್ಕೆ ರಸ್ತೆ ಎಂದರೆ ವಿಚಿತ್ರವೆನಿಸಬಹುದು. ದಕ್ಷಿಣ, ಬಾರಾಟಾಂಗ್, ಮಧ್ಯ, ಉತ್ತರ ಅಂಡಮಾನ್‌ಗಳ ನಡುವೆ ಇರುವುದು ಕಿರಿದಾದ ಕಡಲ ಕಾಲುವೆಗಳಷ್ಟೇ. ಅಂಡಮಾನ್ ಟ್ರಂಕ್ ರೋಡ್, ಈಗಿನ ರಾಷ್ಟ್ರೀಯ ಹೆದ್ದಾರಿ 4, ಪೋರ್ಟ್ ಬ್ಲೇರ್‌ನಿಂದ ರಂಗತ್, ಮಾಯಾಬಂದರ್ ದಾಟಿ ಡಿಗ್ಲಿಪುರದವರೆಗೆ ಸುಮಾರು 325 ಕಿಲೋಮೀಟರ್ ಹೋಗುತ್ತದೆ. ಬೆಳಗಿನ ಜಾವ ಹೊರಟ ಬಸ್ಸು ಸಂಜೆ ಮುಟ್ಟುತ್ತದೆ.

ದಕ್ಷಿಣ ಅಂಡಮಾನ್ ಮತ್ತು ಬಾರಾಟಾಂಗ್ ನಡುವಿನ ಕಾಲುವೆ ಮಿಡಲ್ ಸ್ಟ್ರೇಟ್‌ನಲ್ಲಿ ಬಸ್ಸು, ಲಾರಿ, ಜನ ಎಲ್ಲವನ್ನೂ ಒಂದೇ ತಟ್ಟೆಯ ಮೇಲೆ ಹೇರಿಕೊಂಡು ದಾಟಿಸುವ ವೆಹಿಕಲ್ ಫೆರಿ, ಹೊಳೆಬಾಗಿಲಿನಲ್ಲಿ ಶರಾವತಿ ಹಿನ್ನೀರು ದಾಟಿಸುತ್ತಿದ್ದ ಸಿಗಂದೂರು ಲಾಂಚಿನ ಹಾಗೆಯೇ. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯುವವರೆಗೆ ಅದರಲ್ಲಿ ಸಾಲು ನಿಂತವರಿಗೆ ಇಲ್ಲಿನ ಕಾಯುವಿಕೆ ಹೊಸದೆನಿಸದು. ಮುಂದಿನ ಹಂಫ್ರಿ ಸ್ಟ್ರೇಟ್‌ಗೆ ಸುಮಾರು ಒಂದೂವರೆ ಕಿಲೋಮೀಟರ್ ಉದ್ದದ ಆಜಾದ್ ಹಿಂದ್ ಫೌಜ್ ಸೇತುವೆ ಬಂದಿದೆ, ಅಲ್ಲಿ ಫೆರಿ ಕಾಯುವ ಕೆಲಸವಿಲ್ಲ. ಮಧ್ಯ ಮತ್ತು ಉತ್ತರ ಅಂಡಮಾನ್ ಜೋಡಿಸುವ ಸೇತುವೆಯ ಹೆಸರು ಚೆಂಗಪ್ಪ ಸೇತುವೆ. ಅಷ್ಟು ದೂರದಲ್ಲಿ ಈ ಹೆಸರಿನ ಫಲಕ ಕಂಡಾಗ ಕನ್ನಡ ನಾಡಿನವರ ಕಣ್ಣು ಅರಳುತ್ತದೆ.

ಈ ದಾರಿಯ ಮುಖ್ಯ ಕಟ್ಟುಪಾಡು ಜರವಾ ಎಂಬ ಮೂಲನಿವಾಸಿ ಬುಡಕಟ್ಟಿನ ಜನರಿರುವ ಸಂರಕ್ಷಿತ ಅರಣ್ಯ. ಜಿರ್ಕಾಟಾಂಗ್ ತನಿಖಾ ಠಾಣೆಯಿಂದ ಮಿಡಲ್ ಸ್ಟ್ರೇಟ್‌ವರೆಗೆ ಸುಮಾರು 50 ಕಿಲೋಮೀಟರ್, ನಿಗದಿತ ವೇಳೆಗೆ ಹೊರಡುವ ವಾಹನಗಳ ಸಾಲಿನಲ್ಲೇ, ಪೊಲೀಸ್ ಕಾವಲಿನಲ್ಲಿ ಹೋಗಬೇಕು. ಬೆಳಗಿನ ಮೊದಲ ಸಾಲು ಹಿಡಿಯಲು ಪೋರ್ಟ್ ಬ್ಲೇರ್‌ನಿಂದ ಮೂರು, ಮೂರೂವರೆಗೆ ಹೊರಡಬೇಕು. ಸಾಲು ತಪ್ಪಿದರೆ ಮುಂದಿನದಕ್ಕೆ ಗಂಟೆಗಟ್ಟಲೆ ಕಾಯುವುದು. ನಡುವೆ ನಿಲ್ಲಿಸುವಂತಿಲ್ಲ, ಫೋಟೋ, ವಿಡಿಯೋ ತೆಗೆಯುವಂತಿಲ್ಲ, ತಿಂಡಿ ಎಸೆಯುವಂತಿಲ್ಲ. 1956ರ ಮೂಲನಿವಾಸಿ ಬುಡಕಟ್ಟು ಸಂರಕ್ಷಣಾ ನಿಯಮದಡಿ ಇವು ಜೈಲಿಗೆ ಕಳಿಸಬಹುದಾದ ಅಪರಾಧಗಳು. ಕಾನೂನು ಬದಿಗಿಟ್ಟರೂ, ಮನುಷ್ಯರನ್ನು ಕಿಟಕಿಯಿಂದ ನೋಡಿ ಬರಲೆಂದೇ ಯಾರಾದರೂ ಈ ದಾರಿ ಹಿಡಿಯುವುದಾದರೆ ದಯವಿಟ್ಟು ಹಿಡಿಯಬೇಡಿ. ಹೊರಗಿನವರಿಂದ ಅಂಟುವ ಸಾಮಾನ್ಯ ಕಾಯಿಲೆಯೂ ಆ ಜನಕ್ಕೆ ಮಾರಕವಾಗಬಹುದು. ಅವರ ಕಾಡಿನೊಳಗೆ ನಾವು ಹಾದುಹೋಗುತ್ತಿದ್ದೇವೆ ಎಂಬ ಎಚ್ಚರ ಇರಬೇಕು.

ರಸ್ತೆಯನ್ನು ಆರಿಸುವವರು ಎರಡು ಬಗೆ. ಸುಣ್ಣಕಲ್ಲಿನ ಗುಹೆ ಮತ್ತು ಕಾಂಡ್ಲಾ ಕಾಡಿನ ಬೋಟು ಪ್ರಯಾಣಕ್ಕೆಂದು ಬಾರಾಟಾಂಗ್‌ವರೆಗೆ ಹೋಗಿ ಅದೇ ದಿನ ಮರಳುವವರು ಒಂದು. ರಾತ್ರಿ ಎರಡೂವರೆಗೆ ಎದ್ದು ಸಂಜೆ ಮರಳುವ ಈ ದಿನ ಹಿರಿಯರಿಗೆ ಭಾರ. ಅವರನ್ನು ಸೆಲ್ಯುಲಾರ್ ಜೈಲು, ಕಾರ್ಬಿನ್ಸ್ ಕೋವ್ ಕಡೆ ಬಿಟ್ಟು ಉಳಿದವರು ಹೋಗಬಹುದು. ಇನ್ನೊಂದು ಬಗೆ ಡಿಗ್ಲಿಪುರದವರೆಗೆ ಹೋಗಿ 732 ಮೀಟರ್‌ನ ಸ್ಯಾಡಲ್ ಪೀಕ್ ಹತ್ತುವವರು, ನೀರು ಇಳಿದಾಗ ಮರಳಿನ ದಾರಿ ಮೂಡುವ ರಾಸ್–ಸ್ಮಿತ್ ಜೋಡಿ ದ್ವೀಪ (ಪೋರ್ಟ್ ಬ್ಲೇರ್ ಬಳಿಯ ರಾಸ್ ಬೇರೆ) ನೋಡುವವರು. ಕೊಡಚಾದ್ರಿ, ಕುಂದಾದ್ರಿ ಹತ್ತಿದ ಕಾಲಿಗೆ ಸ್ಯಾಡಲ್ ಪೀಕ್‌ನ ಎತ್ತರ ಹೆಚ್ಚೆನಿಸದು, ಅಲ್ಲಿನ ಸೆಕೆ ಮಾತ್ರ ನಮ್ಮ ಕಡೆಯದಲ್ಲ. ಇದಕ್ಕೆ ಹೋಗಿಬರಲು ಕನಿಷ್ಠ ನಾಲ್ಕು ದಿನ ತೆಗೆದಿಡಬೇಕು. ಒಟ್ಟು ಆರು ದಿನದ ಪ್ರವಾಸದಲ್ಲಿ ಹ್ಯಾವ್ಲಾಕನ್ನೂ ಡಿಗ್ಲಿಪುರವನ್ನೂ ತುರುಕಿದರೆ ಎರಡೂ ಕೈಗೆ ಸಿಗುವುದಿಲ್ಲ.

ಸಮುದ್ರ ಕೆರಳಿದಾಗಲೂ ಬಸ್ಸು ಸಾಮಾನ್ಯವಾಗಿ ಹೋಗುತ್ತದೆ ಎಂಬುದು ರಸ್ತೆಯ ಬಲ. ವಾಕರಿಕೆಯವರಿಗೆ ಇದು ಪರ್ಯಾಯವೇ ಎಂದರೆ ಅಲ್ಲ. ಹನ್ನೆರಡು ಗಂಟೆ ಕಾಡಿನ ತಿರುವುಗಳಲ್ಲಿ ಬಸ್ಸು ಎಂದರೆ ಅವರಿಗೆ ಅದೇ ಕಷ್ಟ, ಇನ್ನೂ ಉದ್ದಕ್ಕೆ.

ಹೆಲಿಕಾಪ್ಟರ್, ಸೀಪ್ಲೇನ್

ಪವನ್ ಹಂಸ್ ಹೆಲಿಕಾಪ್ಟರ್‌ಗಳು ದ್ವೀಪಗಳ ನಡುವೆ ಹಾರುತ್ತವೆ ನಿಜ. ಅವು ಮೊದಲು ರೋಗಿಗಳಿಗೆ, ಆಮೇಲೆ ಸರ್ಕಾರಿ ಕೆಲಸದವರಿಗೆ ಮತ್ತು ದ್ವೀಪವಾಸಿಗಳಿಗೆ. ಸೀಟು ಉಳಿದರೆ ಮಾತ್ರ ಪ್ರವಾಸಿಗರಿಗೆ, ಅದೂ ಕೊನೆಯ ಗಳಿಗೆಯಲ್ಲಿ ತಿಳಿಯುತ್ತದೆ. ಲಗೇಜು ಐದು ಕಿಲೋ ಮಾತ್ರ. ಇದನ್ನು ಯೋಜನೆಯಲ್ಲಿ ಸೇರಿಸಲೇಬೇಡಿ. 2011ರ ಸುಮಾರಿಗೆ ಶುರುವಾಗಿದ್ದ ಜಲಹಂಸ ಸೀಪ್ಲೇನ್ ಸೇವೆ ನಿಂತುಹೋಯಿತು. ಹಳೆಯ ಪ್ರವಾಸ ಲೇಖನಗಳಲ್ಲಿ ಇನ್ನೂ ಕಾಣುವ ಅದರ ಹೆಸರನ್ನು ನಂಬಬೇಡಿ.

ಸಣ್ಣ ಬೋಟುಗಳು

ರಾಸ್, ನಾರ್ತ್ ಬೇ, ಎಲಿಫೆಂಟ್ ಬೀಚ್, ಬಾರಾಟಾಂಗ್ ಗುಹೆ ಇವಕ್ಕೆಲ್ಲ ಸಣ್ಣ ಮೋಟಾರು ದೋಣಿಗಳೇ. ಆಯ್ಕೆಯ ಪ್ರಶ್ನೆ ಇಲ್ಲಿ ಇಷ್ಟೇ: ಹತ್ತುವುದೋ, ಬಿಡುವುದೋ. 2014ರ ಜನವರಿ 26ರಂದು ಪೋರ್ಟ್ ಬ್ಲೇರ್ ಹತ್ತಿರವೇ ಸಾಮರ್ಥ್ಯ ಮೀರಿ ಜನ ತುಂಬಿದ್ದ ಪ್ರವಾಸಿ ದೋಣಿ ಮುಳುಗಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ಹತ್ತುವ ಮೊದಲು ದೋಣಿಯಲ್ಲಿ ಬರೆದಿರುವ ಪ್ರಯಾಣಿಕರ ಸಂಖ್ಯೆ ನೋಡಿ, ತಲೆ ಎಣಿಸಿ. ಲೈಫ್ ಜಾಕೆಟ್‌ನ ಬಕಲ್ ಹಾಕಿ, ಮಡಿಲಲ್ಲಿಟ್ಟುಕೊಂಡು ಕೂರಬೇಡಿ. ಮಗುವಿಗೆ ಮಗುವಿನ ಅಳತೆಯದೇ ಬೇಕು, ದೊಡ್ಡವರದು ಹಾಕಿದರೆ ನೀರಿಗೆ ಬಿದ್ದಾಗ ಮಗು ಕೆಳಗಿನಿಂದ ಜಾರಿಹೋಗುತ್ತದೆ. ‘ಇನ್ನಿಬ್ಬರು ಹತ್ತಲಿ, ಏನೂ ಆಗಲ್ಲ’ ಎಂದರೆ ಇಳಿದುಬಿಡಿ, ದುಡ್ಡು ಹೋದರೆ ಹೋಗಲಿ.

ಯಾರಿಗೆ ಯಾವುದು

ಐದಾರು ದಿನ, ಅಪ್ಪ ಅಮ್ಮ ಮಕ್ಕಳು ಜೊತೆಗಿದ್ದರೆ ಮೂರೂ ಪ್ರಯಾಣಕ್ಕೆ ಖಾಸಗಿ ಫೆರಿ, ಬೆಳಗಿನದೇ, ಕೆಳ ಅಂತಸ್ತು. ಹ್ಯಾವ್ಲಾಕ್‌ನಲ್ಲಿ ಎರಡು ರಾತ್ರಿ, ನೀಲ್‌ನಲ್ಲಿ ಒಂದು. ಹಿರಿಯರಿಗೆ ಸುಸ್ತೆನಿಸಿದರೆ ಹ್ಯಾವ್ಲಾಕ್ ಬಿಟ್ಟು ನೀಲ್‌ನಲ್ಲೇ ಎರಡು ರಾತ್ರಿ ಉಳಿಯುವುದು ನಮ್ಮ ಸಲಹೆ. ದ್ವೀಪ ಸಣ್ಣದು, ಓಡಾಟ ಕಡಿಮೆ, ಒಂದು ಫೆರಿ ಪ್ರಯಾಣ ಉಳಿಯುತ್ತದೆ. ಜೆಟ್ಟಿ ಮಾತ್ರ ಉದ್ದ, ನಡೆಯಬೇಕು.

ಖರ್ಚು ಹಿಡಿಯಬೇಕೆನ್ನುವ ಕುಟುಂಬಕ್ಕೆ ಒಂದು ನಡುದಾರಿಯಿದೆ. ಹೋಗುವಾಗ ಖಾಸಗಿ ಫೆರಿ ಮುಂಗಡ ಕಾದಿರಿಸಿ, ಹ್ಯಾವ್ಲಾಕ್‌ನಿಂದ ನೀಲ್‌ಗೆ ಮಾತ್ರ ಸರ್ಕಾರಿ ಹಡಗಿಗೆ ಪ್ರಯತ್ನಿಸಿ. ಆ ಹಂತದಲ್ಲಿ ಒಂದು ದಿನ ಏರುಪೇರಾದರೆ ಹಾಳಾಗುವುದು ಒಂದು ರಾತ್ರಿಯ ಕೋಣೆಯಷ್ಟೇ. ಪೋರ್ಟ್ ಬ್ಲೇರ್‌ಗೆ ಮರಳುವ ಪ್ರಯಾಣದಲ್ಲಿ ಮಾತ್ರ ಈ ಜೂಜು ಬೇಡ, ಅದರ ಬೆನ್ನಿಗೆ ವಿಮಾನವಿದೆ.

ಹೊಸ ಜೋಡಿಗಳು ದುಬಾರಿ ದರ್ಜೆಗೆ ಕೊಡುವ ಹಣವನ್ನು ಹ್ಯಾವ್ಲಾಕ್‌ನಲ್ಲಿ ಇನ್ನೊಂದು ರಾತ್ರಿಗೆ ಹಾಕುವುದು ಮೇಲು. ಕಾಲೇಜು ಹುಡುಗರಿಗೆ, ದಿನಗಳಿರುವ ಗೆಳೆಯರಿಗೆ ಹೋಗುವಾಗ ಬಸ್ಸಿನಲ್ಲಿ ರಂಗತ್, ಅಲ್ಲಿಂದ ಲಾಂಗ್ ಐಲೆಂಡ್, ಮರಳುವಾಗ ಸರ್ಕಾರಿ ಹಡಗು. ಇಷ್ಟು ಅಗ್ಗಕ್ಕೆ ಇಷ್ಟು ಕಡಲು ತೋರಿಸುವ ದಾರಿ ಇನ್ನೊಂದಿಲ್ಲ.

ಲಕ್ಷದ್ವೀಪ ಹತ್ತಿರವಲ್ಲವೇ ಎಂದು ಕೇಳುವವರೂ ಇದ್ದಾರೆ. ಮಂಗಳೂರಿನ ಹಳೆ ಬಂದರಿನಿಂದ ಮಂಜಿ ಎಂಬ ಸರಕು ದೋಣಿಗಳು ಅಲ್ಲಿಗೆ ಸಾಮಾನು ಒಯ್ಯುತ್ತವೆ, ಆದರೆ ಪ್ರವಾಸಿಗರ ಹಡಗು, ವಿಮಾನ ಎರಡಕ್ಕೂ ಕೊಚ್ಚಿಯೇ ಮುಖ್ಯ ಬಾಗಿಲು, ಪ್ರವೇಶಕ್ಕೆ ಪರವಾನಗಿ ಬೇಕು. ದ್ವೀಪಗಳ ನಡುವೆ ಅಂಡಮಾನ್‌ನಷ್ಟು ಆಯ್ಕೆಗಳಿಲ್ಲ. ರಾತ್ರಿ ಹಡಗಿನಲ್ಲಿ ಮಲಗಿ ಹಗಲು ದ್ವೀಪ ನೋಡುವ ಸರ್ಕಾರಿ ಪ್ಯಾಕೇಜು ಸಾಮಾನ್ಯ ಕ್ರಮ. ಹಲವು ದ್ವೀಪಗಳಲ್ಲಿ ಹಡಗು ಹೊರಗಡಲಲ್ಲೇ ನಿಂತು, ಅಲೆಯ ಮೇಲೆ ಏರಿಳಿಯುವ ಸಣ್ಣ ದೋಣಿಗೆ ದಾಟಬೇಕಾಗುತ್ತದೆ. ಮಂಡಿ ನೋವಿರುವವರನ್ನು ಕರೆದೊಯ್ಯುವ ಮೊದಲು ಇದನ್ನು ಯೋಚಿಸಿ.

ಕಾದಿರಿಸುವ ಕ್ರಮ, ರದ್ದಾದರೆ ದಾರಿ

ಮೊದಲು ವಿಮಾನ, ಆಮೇಲೆ ಫೆರಿ, ಕೊನೆಗೆ ಹೋಟೆಲು. ಹೋಟೆಲು ಮೊದಲು ಕಟ್ಟಿದರೆ ಆ ದಿನ ಫೆರಿ ಸಿಗದೆ ಒದ್ದಾಡುತ್ತೀರಿ. ಪೋರ್ಟ್ ಬ್ಲೇರ್ ವಿಮಾನಗಳಲ್ಲಿ ಹಲವು ಬೆಳಗ್ಗೆ ಬೇಗ ಹೊರಡುತ್ತವೆ. ಶಿವಮೊಗ್ಗದ ರಾತ್ರಿ ರೈಲಿಳಿದು ನೇರ ದೇವನಹಳ್ಳಿಗೆ ಓಡುವ ಬದಲು ಹಿಂದಿನ ಹಗಲಿನ ರೈಲಿಗೆ ಹೊರಡಿ. ವಿಮಾನ ಇಳಿದ ದಿನವೇ ಹ್ಯಾವ್ಲಾಕ್ ಫೆರಿ ಹಿಡಿಯುವುದಾದರೆ ನಡುವೆ ಕನಿಷ್ಠ ನಾಲ್ಕು ಗಂಟೆ ಬಿಡಿ. ಮರಳುವಾಗ ದ್ವೀಪದಿಂದ ಬಂದ ದಿನವೇ ವಿಮಾನ ಹತ್ತುವ ಯೋಜನೆ ಬೇಡವೇ ಬೇಡ. ಕೊನೆಯ ರಾತ್ರಿ ಪೋರ್ಟ್ ಬ್ಲೇರ್‌ನಲ್ಲೇ ಕಳೆಯಿರಿ, ಜೈಲು, ಮ್ಯೂಸಿಯಂ, ರಾಸ್ ಎಲ್ಲ ಆ ದಿನಕ್ಕಿಡಿ.

ಹವಾಮಾನದಿಂದ ಫೆರಿ ರದ್ದಾಯಿತೆಂಬ ಸಂದೇಶ ಬಂದರೆ ಮೊದಲು ಮಾಡಬೇಕಾದ್ದು ಇರುವ ಕೋಣೆಯನ್ನು ಇನ್ನೊಂದು ರಾತ್ರಿಗೆ ಹಿಡಿಯುವುದು. ದ್ವೀಪದಲ್ಲಿರುವ ಎಲ್ಲರೂ ಅದೇ ಗಳಿಗೆಯಲ್ಲಿ ಕೋಣೆ ಹುಡುಕುತ್ತಿರುತ್ತಾರೆ. ಆಮೇಲೆ ಫೆರಿಯವರನ್ನು ಕೇಳಿ. ಹಣ ವಾಪಸ್ ಅಥವಾ ಮುಂದಿನ ಪ್ರಯಾಣದಲ್ಲಿ ಜಾಗ, ಎರಡರಲ್ಲಿ ಒಂದು ಕೊಡುತ್ತಾರೆ. ನಾಳಿದ್ದೇ ವಿಮಾನವಿದ್ದರೆ ಜಾಗವನ್ನೇ ಕೇಳಿ, ಹಣ ವಾಪಸ್ ಪಡೆದು ಹೊಸದಾಗಿ ಕಾದಿರಿಸಲು ಹೋದರೆ ಸಾಲಿನ ಕೊನೆಗೆ ಬೀಳುತ್ತೀರಿ. ಮನೆಯ ಒಬ್ಬರು ಜೆಟ್ಟಿಯ ಸರ್ಕಾರಿ ಕೌಂಟರಿಗೆ ಹೋಗಿ ನಿಲ್ಲಲಿ. ವೇಗದ ಕ್ಯಾಟಮರಾನ್‌ಗಳು ನಿಂತ ದಿನ ದೊಡ್ಡ ಸರ್ಕಾರಿ ಹಡಗು ಹೊರಡುವ ಸಾಧ್ಯತೆ ಇರುತ್ತದೆ. ಆ ಸುದ್ದಿ ಫೋನಿಗಿಂತ ಮೊದಲು ಜೆಟ್ಟಿಯಲ್ಲಿ ನಿಂತವರಿಗೆ ತಿಳಿಯುತ್ತದೆ.